ಕಟ್ಟಿದ ಗೋಡೆಯನ್ನು ಮತ್ತೆ ಕೊರೆಯದ ಮನೆ

ಬೆಂಗಳೂರಿನ ಹೊರವಲಯದ ಯಾವುದೇ ಹೊಸ ಬಡಾವಣೆಗೆ ಹೋಗಿ ಅರ್ಧ ಎದ್ದ ಮನೆಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ, ಕಟಿಂಗ್ ಮಷೀನಿನ ಕಿರುಚಾಟ ಕೇಳದೇ ಇರದು. ಗಾರೆಯವರು ಹೋದ ವಾರ ಕಟ್ಟಿದ ಗೋಡೆಯನ್ನು ಎಲೆಕ್ಟ್ರಿಷಿಯನ್ ಈ ವಾರ ಸೀಳುತ್ತಿರುತ್ತಾನೆ. ಸ್ವಿಚ್ ಬೋರ್ಡಿನ ಜಾಗದಿಂದ ಸೂರಿನವರೆಗೆ ಜೋಡಿ ಗೆರೆ ಕೊಯ್ದು, ನಡುವಿನದನ್ನು ಉಳಿ ಸುತ್ತಿಗೆಯಿಂದ ಒಡೆದು, ಪೈಪು ಕೂರಿಸಿ, ಮೊಳೆ ಹೊಡೆದು, ಮೇಲೆ ಜಾಲರಿ ಬಡಿದು ಸಿಮೆಂಟು ಮೆತ್ತುತ್ತಾರೆ. ಅದು ಮುಗಿಯುವ ಹೊತ್ತಿಗೆ ಪ್ಲಂಬರ್ ಬಚ್ಚಲುಮನೆಯಲ್ಲಿ ತನ್ನ ಪಾಲಿನ ಕೊರೆತ ಶುರುಮಾಡುತ್ತಾನೆ. ಗೋಡೆ ಕಟ್ಟಿದ್ದಕ್ಕೆ ಒಂದು ಕೂಲಿ, ಒಡೆದದ್ದಕ್ಕೆ ಇನ್ನೊಂದು, ಮುಚ್ಚಿದ್ದಕ್ಕೆ ಮತ್ತೊಂದು. ಮನೆ ಮಾಲೀಕರು ಇದನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಮನೆ ಕಟ್ಟುವುದೆಂದರೆ ಹೀಗೇ ಎಂದು ಒಪ್ಪಿಕೊಂಡುಬಿಟ್ಟಿರುತ್ತಾರೆ.

ಕಾರ್ಖಾನೆಯಲ್ಲಿ ತಯಾರಾಗುವ ಮಾಡ್ಯುಲರ್ ಮನೆಗಳನ್ನು ಮಾರುವವರು ಮೊದಲು ವೇಗದ ಮಾತಾಡುತ್ತಾರೆ, ಆಮೇಲೆ ಖರ್ಚಿನ ಮಾತು. ನನಗೆ ಕಾಣುವ ದೊಡ್ಡ ಲಾಭ ಈ ಕೊರೆತ ಇಲ್ಲದಿರುವುದು. ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚಿನೊಳಗೆ ಕಂಬಿ ಹೆಣೆದು, ವೈರಿನ ಪೈಪು, ಸ್ವಿಚ್ಚಿನ ಡಬ್ಬಿ, ಕಿಟಕಿಯ ಜಾಗ ಎಲ್ಲವನ್ನೂ ಕೂರಿಸಿದ ಮೇಲೆಯೇ ಕಾಂಕ್ರೀಟು ಸುರಿಯುವುದು. ಎಂದರೆ ಟಿವಿ ಯಾವ ಗೋಡೆಗೆ, ಗೀಸರ್ ಎಲ್ಲಿ, ಮಿಕ್ಸಿಯ ಪ್ಲಗ್ ಎಷ್ಟು ಎತ್ತರದಲ್ಲಿ ಎಂಬುದು ಕೆಲಸ ಶುರುವಾಗುವ ಮೊದಲೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಅದು ತೀರ್ಮಾನವಾಗುವುದು ಗೃಹಪ್ರವೇಶಕ್ಕೆ ಬಂದ ನಾದಿನಿ ಅಡುಗೆಮನೆಗೆ ಕಾಲಿಟ್ಟು, ‘ಇಲ್ಲೊಂದು ಪಾಯಿಂಟ್ ಬೇಕಿತ್ತು ಕಣ್ರೀ’ ಅಂದಾಗ.

ಹೀಗೆ ಕಾರ್ಖಾನೆಯಲ್ಲಿ ತಯಾರಾಗುವ ಮನೆಗಳಲ್ಲಿ ಎರಡು ಬಗೆ. ಗೋಡೆ, ಛಾವಣಿ, ಮೆಟ್ಟಿಲುಗಳನ್ನು ಬಿಡಿಬಿಡಿ ಹಲಗೆಗಳಾಗಿ ಎರಕಹೊಯ್ದು ತಂದು ಸ್ಥಳದಲ್ಲಿ ಜೋಡಿಸುವುದು ಒಂದು. ನಮ್ಮವರು ಪ್ರೀಕಾಸ್ಟ್ ಎನ್ನುವುದು ಇದಕ್ಕೇ. ಇಡೀ ಕೋಣೆಯನ್ನೇ, ನೆಲ, ಗೋಡೆ, ಬಾಗಿಲು, ಕೆಲವೊಮ್ಮೆ ಟೈಲ್ಸ್ ಮತ್ತು ನಲ್ಲಿಯ ಸಮೇತ ತಯಾರಿಸಿ ಕ್ರೇನಿನಿಂದ ಒಂದರ ಮೇಲೊಂದು ಇಡುವುದು ಇನ್ನೊಂದು. ಕೊಡಗು, ಸಕಲೇಶಪುರದ ಕಡೆಯ ರೆಸಾರ್ಟುಗಳಲ್ಲಿ ಕಾಣುವ ಹಗುರ ಉಕ್ಕಿನ ಚೌಕಟ್ಟಿನ ಕಾಟೇಜುಗಳೂ ಈ ಬಳಗದವೇ. ಗುಡ್ಡದ ಮೇಲಕ್ಕೆ ಮರಳು, ಜಲ್ಲಿ, ಇಟ್ಟಿಗೆ ಹೊರಿಸುವುದಕ್ಕಿಂತ ಚೌಕಟ್ಟನ್ನು ಬಿಚ್ಚಿ ಸಾಗಿಸುವುದು ಸಲೀಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾರೆ ಕೆಲಸ ನಿಂತೇಹೋಗುವ ಮಲೆನಾಡಿನಲ್ಲಿ ಅದೇನು ಸಣ್ಣ ಅನುಕೂಲವಲ್ಲ.

ವೇಗದ ಗುಟ್ಟು ಯಂತ್ರಗಳಲ್ಲಿಲ್ಲ, ಕೆಲಸದ ಸರದಿಯಲ್ಲಿದೆ. ಸೈಟಿನ ಮನೆಯಲ್ಲಿ ಒಂದು ಮುಗಿಯದೆ ಇನ್ನೊಂದಿಲ್ಲ. ಪಾಯ, ಕಂಬ, ಗೋಡೆ, ಸೆಂಟ್ರಿಂಗ್, ಮೋಲ್ಡು ಎಲ್ಲವೂ ಒಂದರ ಬೆನ್ನಿಗೆ ಒಂದು. ಮೋಲ್ಡ್ ಹಾಕಿದ ಮೇಲೆ ಕೆಳಗಿನ ಆಧಾರದ ಗಳಗಳನ್ನು ತೆಗೆಯಲು ಎರಡು ವಾರವಾದರೂ ಕಾಯಬೇಕು. ಅಷ್ಟು ದಿನ ಆ ಮನೆಯೊಳಗೆ ಬೇರೆ ಕೆಲಸ ಸಾಗದು. ಕಾರ್ಖಾನೆಯ ಮನೆಯಲ್ಲಾದರೆ ಇಲ್ಲಿ ಪಾಯ ತೋಡುತ್ತಿರುವಾಗಲೇ ಅಲ್ಲಿ ಗೋಡೆಗಳು ತಯಾರಾಗುತ್ತಿರುತ್ತವೆ. ಎರಕದ ಕಾಂಕ್ರೀಟಿಗೆ ಹಬೆ ಕೊಟ್ಟು ಗಟ್ಟಿಮಾಡುವುದರಿಂದ ಮರುದಿನವೇ ಅಚ್ಚು ಬಿಚ್ಚಿ ಮುಂದಿನ ಗೋಡೆಗೆ ಬಳಸಬಹುದು. ನೀರೂ ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿದಾಗ, ಮೋಲ್ಡಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನೇ ಕ್ಯೂರಿಂಗ್ ಎಂದು ತಿಳಿದವರೆಲ್ಲ ಟ್ಯಾಂಕರ್‌ನವರ ಹಿಂದೆ ಬಿದ್ದಿದ್ದರು.

ಬೆಂಗಳೂರಿನವರು ಈ ವೇಗವನ್ನು ಕಣ್ಣಾರೆ ಕಂಡಿದ್ದಾರೆ, ಗಮನಿಸಿದವರು ಕಡಿಮೆ ಅಷ್ಟೆ. ಇಂದಿರಾ ಕ್ಯಾಂಟೀನ್ ಯೋಜನೆ ಪ್ರಕಟವಾದದ್ದು 2017ರ ಮಾರ್ಚ್‌ನ ಬಜೆಟ್ಟಿನಲ್ಲಿ. ಅದೇ ವರ್ಷದ ಆಗಸ್ಟ್ 16ಕ್ಕೆ ಮೊದಲ ಕಂತಿನ ಕ್ಯಾಂಟೀನುಗಳು ಬಾಗಿಲು ತೆರೆದವು. ಟೆಂಡರು, ಜಾಗ, ಮಳೆ ಎಲ್ಲವನ್ನೂ ಸೇರಿಸಿಯೂ ಐದೇ ತಿಂಗಳು. ತಮಿಳುನಾಡಿನ ಕೃಷ್ಣಗಿರಿಯ ಕಾರ್ಖಾನೆಯಲ್ಲಿ ಎರಕವಾದ ಗೋಡೆಗಳು ಲಾರಿಯಲ್ಲಿ ಬಂದು, ವಾರ್ಡ್ ವಾರ್ಡಿನಲ್ಲಿ ಒಂದೇ ಅಚ್ಚಿನ ಕಟ್ಟಡಗಳಾಗಿ ನಿಂತವು. ಅವುಗಳ ಅಂದಚಂದದ ಬಗ್ಗೆ ತಕರಾರಿದ್ದರೆ ಇರಲಿ, ಇಟ್ಟಿಗೆ ಹಚ್ಚಿ ಕಟ್ಟಿದ್ದರೆ ಆ ಗಡುವಿನೊಳಗೆ ಮುಗಿಯುತ್ತಿರಲಿಲ್ಲ.

ಇಡೀ ಕೋಣೆಗಳ ಪದ್ಧತಿ ಎತ್ತರಕ್ಕೆ ಹೋದರೆ ಹೇಗಿರುತ್ತದೆ ಎಂಬುದಕ್ಕೆ ಸಿಂಗಪುರವನ್ನು ನೋಡಬೇಕು. 2019ರಲ್ಲಿ ಮುಗಿದ ಕ್ಲೆಮೆಂಟ್ ಕ್ಯಾನಪಿ ಎಂಬ ವಸತಿ ಸಮುಚ್ಚಯದಲ್ಲಿ 40 ಮಹಡಿಯ ಎರಡು ಗೋಪುರಗಳಿವೆ. ಒಟ್ಟು 505 ಮನೆ, 1,899 ಕಾಂಕ್ರೀಟ್ ಕೋಣೆಗಳು. ಕೋಣೆಗಳ ಎರಕ ನಡೆದದ್ದು ಗಡಿಯಾಚೆ ಮಲೇಷ್ಯಾದ ಸೆನಾಯ್‌ನಲ್ಲಿ. ಅಲ್ಲಿಂದ ಸಿಂಗಪುರದ ಇನ್ನೊಂದು ಕಾರ್ಖಾನೆಗೆ ಬಂದು ಟೈಲ್ಸ್, ಬಣ್ಣ, ಪೈಪು ಹಚ್ಚಿಸಿಕೊಂಡು ಕೊನೆಗೆ ಸೈಟಿಗೆ ಬಂದವು. ಸಿಂಗಪುರಕ್ಕೆ ಇದು ಷೋಕಿಯಲ್ಲ. ಕಟ್ಟಡ ಕೆಲಸಕ್ಕೆ ಹೊರದೇಶದ ಕೂಲಿಗಳನ್ನೇ ನೆಚ್ಚಿಕೊಂಡ ಆ ದೇಶ ಆ ಅವಲಂಬನೆ ತಗ್ಗಿಸಲೆಂದೇ 2014ರಿಂದ ಸರ್ಕಾರಿ ಜಮೀನಿನ ಕೆಲವು ಮಾರಾಟಗಳಲ್ಲಿ ಈ ಪದ್ಧತಿಯನ್ನು ಕಡ್ಡಾಯ ಮಾಡಿತು.

ನಮ್ಮ ದೇಶದಲ್ಲಿ ಇಡೀ ಕೋಣೆಗಳ ಪದ್ಧತಿಯ ದೊಡ್ಡ ಪ್ರಯೋಗ ನಡೆದದ್ದು ರಾಂಚಿಯಲ್ಲಿ. ಕೇಂದ್ರದ ಲೈಟ್ ಹೌಸ್ ಯೋಜನೆಯಡಿ ಆರು ನಗರಗಳಲ್ಲಿ ಆರು ತಂತ್ರಜ್ಞಾನಗಳಿಗೆ 2021ರ ಜನವರಿ 1ರಂದು ಶಂಕುಸ್ಥಾಪನೆಯಾಯಿತು. ಚೆನ್ನೈಗೆ ಪ್ರೀಕಾಸ್ಟ್ ಹಲಗೆಗಳು, ರಾಂಚಿಗೆ ಎರಕದ ಕೋಣೆಗಳು. ಚೆನ್ನೈನ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡವು. ರಾಂಚಿಯ 1,008 ಮನೆಗಳಿಗೆ 2024ರ ಮಾರ್ಚ್ ಬರಬೇಕಾಯಿತು. ಅಲ್ಲಿ ಸ್ಥಳೀಯರು ಆರಂಭದಲ್ಲೇ ಪ್ರತಿಭಟನೆಗಿಳಿದಿದ್ದರು. ಗೋಡೆಯನ್ನು ಮರುದಿನ ಅಚ್ಚಿನಿಂದ ಬಿಡಿಸಬಹುದು, ಜಾಗದ ತಂಟೆಯನ್ನು ಬಿಡಿಸಲು ಹಬೆ ಸಾಕಾಗುವುದಿಲ್ಲ.

ಇನ್ನು ಖರ್ಚು. ಈ ವಿದ್ಯೆಯಲ್ಲಿ ಪಳಗಿದ ದೇಶ ಜಪಾನ್. ಡೈವಾ ಹೌಸ್ ಕಂಪನಿ 1959ರಲ್ಲೇ ಮೂರು ಗಂಟೆಯಲ್ಲಿ ನಿಲ್ಲಿಸಬಹುದಾದ ಪುಟ್ಟ ಕೋಣೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು, ಮಕ್ಕಳ ಓದಿನ ಕೋಣೆಯಾಗಿ ಹಿತ್ತಿಲಲ್ಲಿ ಇಟ್ಟುಕೊಳ್ಳಲಿ ಎಂದು. 1971ರಲ್ಲಿ ಸೆಕಿಸುಯಿ ಹೈಮ್ ಉಕ್ಕಿನ ಚೌಕಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಇಡೀ ಮನೆ ಮಾರತೊಡಗಿತು. ಇಷ್ಟು ದಶಕಗಳ ಅನುಭವದ ನಂತರವೂ ಅಲ್ಲಿ ಕಾರ್ಖಾನೆಯ ಮನೆ ಬಡಗಿ ಕಟ್ಟುವ ಮನೆಗಿಂತ ಅಗ್ಗವಲ್ಲ, ಹಲವು ಸಲ ದುಬಾರಿಯೇ. ಜನ ಕೊಳ್ಳುವುದು ಭೂಕಂಪಕ್ಕೆ ಬಗ್ಗದ ಗಟ್ಟಿತನಕ್ಕೆ, ದೀರ್ಘಕಾಲದ ಗ್ಯಾರಂಟಿಗೆ. ಹಾಗಾಗಿ ಒಂದೇ ಒಂದು ಮೂವತ್ತು-ನಲವತ್ತರ ಸೈಟಿಗೆ ‘ಅರ್ಧ ರೇಟಿನಲ್ಲಿ ಮನೆ’ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ. ಅಚ್ಚಿನ ಖರ್ಚು ನೂರು ಮನೆಗೆ ಹಂಚಿಹೋದಾಗ ಮಾತ್ರ ಇಳಿಯುತ್ತದೆ. ಒಂದೇ ಮನೆಯವನಿಗೆ ಉಳಿಯುವುದು ಸಮಯ, ಬಾಡಿಗೆ, ಪೋಲಾಗುವ ಸಾಮಾನು, ದಿನಕ್ಕೊಂದು ಬಾರಿ ಮೇಸ್ತ್ರಿಗೆ ಫೋನ್ ಮಾಡುವ ಕರ್ಮ.

ಈ ವಿದ್ಯೆಗೆ ಭಾರತದಲ್ಲಿ ಒಂದು ಹಳೆಯ ಸೋಲಿನ ಕಥೆಯಿದೆ, ಅದರ ಒಂದು ಎಳೆ ಮೈಸೂರಿನಿಂದ ಹೊರಟದ್ದು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟ ಯಹೂದಿ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ವಿನ್ಯಾಸದ ಕಟ್ಟಡಗಳಿವೆ. ಇಲ್ಲಿನ ಬಿಸಿಲು, ಗಾಳಿ, ಮಳೆಗೆ ತಕ್ಕಂತೆ ಕಟ್ಟುವುದನ್ನು ಚೆನ್ನಾಗಿ ಕಲಿತ ಅವರನ್ನು ನೆಹರೂ ಸರ್ಕಾರ 1948ರಲ್ಲಿ ವಸತಿ ನಿರ್ದೇಶಕರನ್ನಾಗಿ ಮಾಡಿಕೊಂಡಿತು. ದೇಶ ವಿಭಜನೆಯಿಂದ ಬಂದ ನಿರಾಶ್ರಿತರಿಗೆ ಬೇಗ ಸೂರು ಬೇಕಿತ್ತು. ದೆಹಲಿಯಲ್ಲಿ ಸರ್ಕಾರದ್ದೇ ಮನೆ ಕಾರ್ಖಾನೆ ಶುರುವಾಯಿತು. ಆದರೆ ಹಗುರ ಕಾಂಕ್ರೀಟಿನ ಹಲಗೆಗಳು ಎಣಿಸಿದ ಗಟ್ಟಿತನಕ್ಕೆ ಬರಲಿಲ್ಲ. ಯೋಜನೆ ಎಡವಿತು, ಟೀಕೆ ಸುರಿಯಿತು, 1951ರಲ್ಲಿ ಕೋನಿಗ್ಸ್‌ಬರ್ಗರ್ ಲಂಡನ್ನಿಗೆ ಹೊರಟುಹೋದರು. ಕಾರ್ಖಾನೆ ಮುಂದೆ ಹಿಂದೂಸ್ತಾನ್ ಪ್ರೀಫ್ಯಾಬ್ ಎಂಬ ಹೆಸರು ಪಡೆಯಿತು. ಆದರೆ ಲಕ್ಷಾಂತರ ಜನರಿಗೆ ಯಂತ್ರದಿಂದ ಮನೆ ಎಂಬ ಆ ಕಾಲದ ಉತ್ಸಾಹ ಅಲ್ಲಿಗೆ ತಣ್ಣಗಾಯಿತು.

ಹಲಗೆ ಗಟ್ಟಿಯಿದ್ದರೂ ಸಾಲದು, ಕೀಲು ಗಟ್ಟಿಯಿರಬೇಕು. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡ ಹೀಗೇ ಹಲಗೆ ಜೋಡಿಸಿ ಎಬ್ಬಿಸಿದ್ದು. 1968ರ ಮೇ 16ರ ಬೆಳಗಿನ ಜಾವ 18ನೇ ಮಹಡಿಯ ಅಡುಗೆಮನೆಯಲ್ಲಿ ಗ್ಯಾಸ್ ಸಿಡಿದು ಒಂದು ಗೋಡೆ ಹೊರಗೆ ಹಾರಿತು. ಅದರ ಮೇಲೆ ನಿಂತಿದ್ದ ಮಹಡಿಗಳು ಕುಸಿದು, ಆ ಭಾರಕ್ಕೆ ಕೆಳಗಿನವೂ ಒಂದೊಂದಾಗಿ ಕಳಚಿ, ಕಟ್ಟಡದ ಇಡೀ ಮೂಲೆಯೇ ನೆಲಕ್ಕೆ ಬಿತ್ತು. ನಾಲ್ವರು ಸತ್ತರು. ಜನ ವಾಸಕ್ಕೆ ಬಂದು ಎರಡೇ ತಿಂಗಳಾಗಿತ್ತು. 1986ರಲ್ಲಿ ಆ ಕಟ್ಟಡವನ್ನು ಬಿಚ್ಚಿದಾಗ, ಕಾಂಕ್ರೀಟು ತುಂಬಬೇಕಿದ್ದ ಕೀಲುಗಳಲ್ಲಿ ಹಳೆಯ ಪತ್ರಿಕೆಗಳು ಸಿಕ್ಕವು. ಹಲಗೆಗಳನ್ನು ಕಾರ್ಖಾನೆ ನೆಟ್ಟಗೆ ಮಾಡಿಕೊಟ್ಟಿತ್ತು, ಸೈಟಿನಲ್ಲಿ ಯಾರೋ ಕೈ ಜಾರಿಸಿದ್ದರು. ಆ ದುರಂತದ ನಂತರ ಬ್ರಿಟನ್ನಿನ ಕಟ್ಟಡ ನಿಯಮಗಳು ಬದಲಾದವು. ಒಂದು ಗೋಡೆ ಹೋದರೆ ಇಡೀ ಕಟ್ಟಡ ಹೋಗದಂತೆ ಹಲಗೆಗಳನ್ನು ಒಂದಕ್ಕೊಂದು ಬಿಗಿಯುವುದು ಈಗಿನ ಲೆಕ್ಕಾಚಾರದ ಮೂಲಪಾಠ.

ಕೀಲಿನ ವಿದ್ಯೆ ನಮಗೆ ಹೊರಗಿನದ್ದೇನೂ ಅಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಉಳಿಸಿದ ಹಳೆಯ ಮನೆಗಳಲ್ಲಿ ಹಲವು ಬೇರೆ ಬೇರೆ ಊರುಗಳಿಂದ ಬಂದವು. ಕೆಡವುವ ಹಂತದಲ್ಲಿದ್ದ ಮನೆಗಳ ತೊಲೆ, ಕಂಬ, ಬಾಗಿಲುಗಳಿಗೆ ಗುರುತು ಹಾಕಿ, ಬಿಚ್ಚಿ, ಸಾಗಿಸಿ ಮತ್ತೆ ನಿಲ್ಲಿಸಿದ್ದು. ಅದು ಸಾಧ್ಯವಾದದ್ದು ಕರಾವಳಿಯ ಬಡಗಿಗಳು ಮರದ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ ಗೂಟ ಬಡಿದು ಕಟ್ಟಿದ್ದರಿಂದ. ಸಿಮೆಂಟಿನ ಮನೆಯನ್ನು ಹಾಗೆ ಬಿಚ್ಚಲು ಹೋದರೆ ಸಿಗುವುದು ಒಂದು ಲಾರಿ ಡೆಬ್ರಿಸ್.

ನಮ್ಮಲ್ಲಿ ಕಾರ್ಖಾನೆಯ ಮನೆ ಬೇಗ ಹಬ್ಬದಿರುವುದಕ್ಕೆ ಕಾರಣಗಳು ತಾಂತ್ರಿಕವಲ್ಲ, ಲೌಕಿಕ. ಮೋಟಾರು ವಾಹನ ನಿಯಮಗಳಂತೆ ಸಾಮಾನ್ಯ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ, ಎಂದರೆ ಎಂಟೂವರೆ ಅಡಿ. ಹತ್ತು ಅಡಿ ಅಗಲದ ಮಲಗುವ ಕೋಣೆ ವಿಶೇಷ ಪರವಾನಗಿಯಿಲ್ಲದೆ ಹೆದ್ದಾರಿಗೇ ಇಳಿಯದು. ಇಳಿದರೂ ಬೀದಿಯ ತಿರುವು, ತಲೆಯ ಮೇಲಿನ ಕರೆಂಟು ಕಂಬಿ, ಎದುರು ಮನೆಯವರು ನಿಲ್ಲಿಸಿದ ಕಾರು ದಾಟಿ ಕ್ರೇನ್ ಒಳಗೆ ಬರಬೇಕು. ಹಾಗಾಗಿ ನಮ್ಮ ಊರುಗಳಿಗೆ ಇಡೀ ಕೋಣೆಗಿಂತ ಹಲಗೆಗಳೇ ಸರಿ. ಬ್ಯಾಂಕಿನದು ಇನ್ನೊಂದು ತೊಡಕು. ಪಾಯ ಮುಗಿದಾಗ ಇಷ್ಟು, ಮೋಲ್ಡ್ ಆದಾಗ ಇಷ್ಟು ಎಂದು ಸಾಲದ ಕಂತು ಬಿಡುವುದು ರೂಢಿ. ಕಾರ್ಖಾನೆಯವರು ದುಡ್ಡು ಕೇಳುವ ಹೊತ್ತಿಗೆ ಸೈಟಿನಲ್ಲಿ ಮ್ಯಾನೇಜರಿಗೆ ತೋರಿಸಲು ಬರೀ ಪಾಯ ಇರುತ್ತದೆ.

ಕಾರ್ಖಾನೆಯ ಬದುಕೂ ಸುಲಭದ್ದಲ್ಲ. ಇಂದಿರಾ ಕ್ಯಾಂಟೀನಿನ ಗೋಡೆಗಳನ್ನು ಎರಕಹೊಯ್ದ ಕೃಷ್ಣಗಿರಿಯ ಆ ಕಾರ್ಖಾನೆಯ ಕಂಪನಿ 2018ರಲ್ಲಿ ಅಮೆರಿಕದ ಕಟೆರಾ ಎಂಬ ಕಂಪನಿಯ ಜೊತೆ ವಿಲೀನವಾಯಿತು. ಸುಮಾರು 200 ಕೋಟಿ ಡಾಲರ್ ಬಂಡವಾಳ ಕೂಡಿಸಿದ್ದ ಕಟೆರಾ 2021ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೇಸ್ತ್ರಿಗೆ ಕೆಲಸವಿಲ್ಲದಿದ್ದರೆ ಊರಿಗೆ ಹೋಗಿ ರಾಗಿ ಬಿತ್ತುತ್ತಾನೆ. ಕಾರ್ಖಾನೆಗೆ ಆರ್ಡರ್ ಇರಲಿ ಬಿಡಲಿ, ಬಾಡಿಗೆ, ಬಡ್ಡಿ, ಸಂಬಳ ನಿಲ್ಲುವುದಿಲ್ಲ.

ಕೆಲಸಗಾರರ ಮಾತು ಬಂದಾಗ ಮಾತ್ರ ನನ್ನ ಮನಸ್ಸು ಕಾರ್ಖಾನೆಯ ಕಡೆಗೇ ವಾಲುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಕುಟುಂಬ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಮಲಗಿ, ಹೆಂಗಸರು ಬಾಂಡ್ಲಿ ಹೊತ್ತು ಮೆಟ್ಟಿಲಿಲ್ಲದ ಮಹಡಿ ಹತ್ತಿ, ಮನೆ ಮುಗಿದ ಕೂಡಲೇ ಮಕ್ಕಳ ಶಾಲೆ ಬಿಡಿಸಿಕೊಂಡು ಇನ್ನೊಂದು ಬಡಾವಣೆಗೆ ಹೋಗುವುದನ್ನು ದಿನಾ ನೋಡುತ್ತೇವೆ. ಒಂದೇ ಊರಿನಲ್ಲಿ, ಸೂರಿನ ಕೆಳಗೆ, ನೆಲಮಟ್ಟದಲ್ಲಿ ನಡೆಯುವ ಕೆಲಸದಿಂದ ಈ ಅಲೆದಾಟವಾದರೂ ತಪ್ಪುತ್ತದೆ. ಅಷ್ಟೇ ಮಂದಿಗೆ ಕೆಲಸ ಸಿಗುತ್ತದೆಯೇ ಎಂದರೆ, ಇಲ್ಲ.

ಇಂಥ ಮನೆ ಮಾಡಿಸಲು ಹೊರಟವರು ಒಮ್ಮೆ ತಮ್ಮ ಬೀದಿಯ ತಾರಸಿಗಳ ಕಡೆ ಕತ್ತೆತ್ತಿ ನೋಡಲಿ. ಮುಗಿದ ಮನೆಗಳ ಮೇಲೂ ಕಂಬದ ಕಂಬಿಗಳು ತುಕ್ಕು ಹಿಡಿದು ನಿಂತಿರುತ್ತವೆ, ಮಗ ದುಡಿಯಲು ಶುರುಮಾಡಿದ ಮೇಲೆ ಇನ್ನೊಂದು ಮಹಡಿ ಎಬ್ಬಿಸೋಣ ಎಂದು. ಕಾರ್ಖಾನೆಯ ಮನೆಯಲ್ಲಿ ಹಾಗೆ ಬಾಕಿ ಇಡಲಾಗದು. ಮೇಲಿನ ಮಹಡಿಯ ಭಾರವನ್ನು ಪಾಯದ ಲೆಕ್ಕದಲ್ಲಿ ಈಗಲೇ ಸೇರಿಸಿದ್ದರೆ ಮುಂದೆ ಅದನ್ನು ನಿಲ್ಲಿಸಲು ಕೆಲವೇ ದಿನ ಸಾಕು, ಸೇರಿಸದಿದ್ದರೆ ಆಸೆ ಬಿಡಬೇಕು. ಕೊಳ್ಳುವ ಮೊದಲು ಕಂಪನಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಉಳಿದವು ಸಣ್ಣವು: ಯಾವ ಗೋಡೆಗೆ ಮೊಳೆ ಹೊಡೆಯಬಹುದು, ಯಾವುದಕ್ಕೆ ಕೂಡದು, ಪೈಪು ಓಡಿದ ದಾರಿಯ ನಕ್ಷೆ ನಮ್ಮ ಕೈಗೆ ಕೊಡುತ್ತೀರಾ, ಕೀಲಿನಲ್ಲಿ ಮಳೆನೀರು ಜಿನುಗಿದರೆ ಎಷ್ಟು ವರ್ಷದವರೆಗೆ ನೀವೇ ಬಂದು ಸರಿಪಡಿಸುತ್ತೀರಿ. ಈ ಕೊನೆಯದಕ್ಕೆ ಸಿಕ್ಕ ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕರಾರುಪತ್ರದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.