ಅಪ್ಪನ ಯೆಜ್ಡಿಗೆ ಎಂಎಚ್ ನಂಬರ್?

ಕಲ್ಯಾಣ-ಶಿಲ್ ರಸ್ತೆಯ ಕಾಟಯಿ ನಾಕಾದಲ್ಲಿ ಗಾಡಿ ನಿಲ್ಲಿಸಿದರೆ ಪಕ್ಕದ ಸ್ಕೂಟರಿನವರು ಕೇಳುವ ಪ್ರಶ್ನೆಗಳು ಮೂರೇ. ಯಾವ ವರ್ಷದ್ದು? ಎಷ್ಟು ಮೈಲೇಜ್ ಕೊಡುತ್ತೆ? ಮೂರನೆಯದು, ಮುಂದಿನ ವಾಹನಗಳು ಕದಲುವ ಹೊತ್ತಿಗೆ, ಸ್ವಲ್ಪ ತಗ್ಗಿದ ದನಿಯಲ್ಲಿ: ‘ವಿಕಾಯ್‌ಚೀ ಆಹೇ ಕಾ?’ ಮಾರುವುದಿದೆಯೇ ಅಂತ. ಮೊದಲೆರಡಕ್ಕೆ ಉತ್ತರ ಸುಲಭ. 1977, ಲೀಟರಿಗೆ ಇಪ್ಪತ್ತೈದರ ಆಸುಪಾಸು. ಮೂರನೆಯದಕ್ಕೆ ತಲೆ ಅಡ್ಡ ಆಡಿಸುತ್ತೇನೆ. ಗಾಡಿ ನನ್ನದಲ್ಲ, ಅಪ್ಪನದು.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ 250 ಇದು. ರುಸ್ತುಂ ಮತ್ತು ಫಾರೂಖ್ ಇರಾನಿ 1960ರ ಹೊತ್ತಿಗೆ ಕಟ್ಟಿದ ಕಾರ್ಖಾನೆ. ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. ಮೊದಲು ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿಯಲ್ಲಿ ಜಾವಾ ಎಂಬ ಹೆಸರಿನಲ್ಲೇ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಆ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರಂತೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ; ಪ್ರತಿ ಬೀದಿಯಲ್ಲೂ ಒಂದು ಯೆಜ್ಡಿ, ಜತೆಗೆ ‘ನಮ್ಮ ಮಾವ ಜಾವಾ ಫ್ಯಾಕ್ಟರಿಲಿದ್ರು’ ಅನ್ನುವವರೊಬ್ಬರು ಇದ್ದೇ ಇರುತ್ತಿದ್ದರು.

ಅಪ್ಪ ಇದರಲ್ಲೇ ನಂಜನಗೂಡಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಈಗ ಮಂಡಿನೋವು, ಕಿಕ್ ಹೊಡೆಯಲಾಗುವುದಿಲ್ಲ. ಹೀಗಾಗಿ ಒಂಬತ್ತು ತಿಂಗಳ ಹಿಂದೆ ಗಾಡಿ ಲಾರಿಯೇರಿ ಡೊಂಬಿವಲಿಗೆ ಬಂತು. ಮಾಹಪೆಯ ನನ್ನ ಆಫೀಸಿಗೆ ವಾರದಲ್ಲಿ ನಾಲ್ಕು ದಿನ ಲೋಕಲ್ ರೈಲು: ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಹಿಡಿದು ಕೋಪರ್‌ಖೈರಣೆ. ಶುಕ್ರವಾರ ಮಾತ್ರ ಯೆಜ್ಡಿ. ಅಪ್ಪನ ದಾರಿಗಿಂತ ದೂರ ಕಡಿಮೆ, ಹಿಡಿಯುವ ಹೊತ್ತು ಎರಡರಷ್ಟು.

ಹಳೆಯ ಮೋಟಾರ್ ಸೈಕಲ್ ಇಟ್ಟುಕೊಳ್ಳುವುದು ಒಳ್ಳೆಯದೇ ಎಂದು ಕೇಳುವ ಗೆಳೆಯರಿಗೆ ನಾನು ಮೊದಲು ಹೇಳುವುದು ಅದರ ಸರಳತೆಯ ಬಗ್ಗೆ. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಸೆನ್ಸರ್ ಇಲ್ಲ. ಸ್ಟಾರ್ಟ್ ಆಗಲಿಲ್ಲವೆಂದರೆ ಪೆಟ್ರೋಲ್ ಬರುತ್ತಿದೆಯೇ, ಪ್ಲಗ್‌ನಲ್ಲಿ ಕಿಡಿ ಹಾರುತ್ತಿದೆಯೇ, ಇಷ್ಟೇ ನೋಡಬೇಕಾದ್ದು. ಒಂದು ಪ್ಲಗ್ ಸ್ಪ್ಯಾನರ್, ಪಾಯಿಂಟ್ ಉಜ್ಜಲು ಚೂರು ಮರಳು ಕಾಗದ ಇದ್ದರೆ ಮುಕ್ಕಾಲು ಪಾಲು ತೊಂದರೆಗೆ ರಸ್ತೆ ಬದಿಯಲ್ಲೇ ಪರಿಹಾರ. ಕಿಕ್ಕರ್ ಮತ್ತು ಗೇರು ಒಂದೇ ಸನ್ನೆ. ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರು. ಗೊತ್ತಿಲ್ಲದವರಿಗೆ ಕಿಕ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನಮ್ಮ ಸೊಸೈಟಿಯ ವಾಚ್‌ಮನ್ ಇದನ್ನು ಕಳ್ಳರಿಂದ ದೇವರೇ ಕಾಯುವ ಗಾಡಿ ಅನ್ನುತ್ತಾನೆ.

ಬಿಡಿಭಾಗಗಳ ಭಯ ಬೇಡ. ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವುದು ಸಿಗುತ್ತದೆ, ಸಿಗದ್ದಕ್ಕೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಿವೆ. ಅಭಾವ ಇರುವುದು ಭಾಗಗಳಿಗಲ್ಲ, ಕೈಗಳಿಗೆ. ಪಾಯಿಂಟ್ ಗ್ಯಾಪನ್ನು ಕಿವಿಯಲ್ಲೇ ಹೊಂದಿಸಬಲ್ಲ ಮೆಕ್ಯಾನಿಕ್ ಕಲ್ಯಾಣದಲ್ಲಿ ಒಬ್ಬರು ಸಿಕ್ಕಿದ್ದಾರೆ. ಅರವತ್ತು ದಾಟಿದ ಚಾಚಾ. ಅವರ ಮಗ ಅದೇ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಹೊಸ ಬೈಕುಗಳನ್ನು ನೋಡುತ್ತಾನೆ, ನನ್ನ ಗಾಡಿ ಬಂದರೆ ಅಪ್ಪನನ್ನು ಕೂಗುತ್ತಾನೆ. ಹಳೆ ಗಾಡಿ ಕೊಳ್ಳುವವರು ಶೋಕಿಗೆ ಮುಂಚೆ ಇಂಥವರೊಬ್ಬರು ಹತ್ತಿರದಲ್ಲಿ ಇದ್ದಾರೆಯೇ, ಇನ್ನೆಷ್ಟು ವರ್ಷ ಕೆಲಸ ಮಾಡುತ್ತಾರೆ ಎಂದು ನೋಡಿಕೊಳ್ಳುವುದು ವಾಸಿ.

ಇನ್ನು ರಸ್ತೆ. ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕ್. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂದರೆ ನನ್ನ ಮುಂದೆ ಹೋಗುವ ಹುಡುಗ ಎರಡು ಬೆರಳಲ್ಲಿ ಥಟ್ಟನೆ ನಿಲ್ಲುತ್ತಾನೆ, ನಾನು ನಿಲ್ಲಬೇಕಾದರೆ ಅವನಿಗಿಂತ ಮೊದಲೇ ಯೋಚಿಸಿರಬೇಕು. ಎರಡು ಸ್ಟ್ರೋಕಿನ ಗಾಡಿಗೆ ಎಂಜಿನ್ ಬ್ರೇಕಿಂಗ್ ಕೂಡ ಅಷ್ಟಕ್ಕಷ್ಟೆ. ಶಿಲ್‌ಫಾಟಾದಲ್ಲಿ ಲಾರಿಗಳ ನಡುವೆ ಅರ್ಧ ಗಂಟೆ ಸಿಕ್ಕಿಕೊಂಡರೆ ಗಾಳಿಯಲ್ಲೇ ತಣಿಯಬೇಕಾದ ಎಂಜಿನ್ ಕಾದು ಕೆಂಡವಾಗುತ್ತದೆ. ಆಫ್ ಮಾಡಿ ತಳ್ಳಿಕೊಂಡು ಹೋಗುವುದೇ ಜಾಣತನ. ಆರು ವೋಲ್ಟಿನ ಹೆಡ್‌ಲೈಟ್ ನಮ್ಮ ಇರವನ್ನು ಎದುರಿನವರಿಗೆ ತಿಳಿಸುತ್ತದೆ, ಗುಂಡಿಯನ್ನು ನಮಗೆ ತೋರಿಸುವುದಿಲ್ಲ. ಮಳೆಗಾಲದಲ್ಲಿ ಕತ್ತಲಾದ ಮೇಲೆ ನಾನು ತೆಗೆಯುವುದೇ ಇಲ್ಲ.

ಪೆಟ್ರೋಲಿನದು ಹೊಸ ತಲೆನೋವು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಈ ಊರಲ್ಲಿ ವಾರಗಟ್ಟಲೆ ನಿಂತ ಗಾಡಿಯ ಕಾರ್ಬುರೇಟರ್‌ನಲ್ಲಿ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಚಾಚಾ ಹೇಳಿಕೊಟ್ಟ ಉಪಾಯ: ಪೈಪುಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸು, ನಿಲ್ಲಿಸುವ ಮುಂಚೆ ಪೆಟ್ರೋಲ್ ನಲ್ಲಿ ಬಂದ್ ಮಾಡಿ ಕಾರ್ಬುರೇಟರ್ ಬರಿದಾಗುವ ತನಕ ಎಂಜಿನ್ ಓಡಿಸು. ಲೀಟರಿಗೆ ಮೂವತ್ತು-ನಲವತ್ತು ಎಂ.ಎಲ್. 2ಟಿ ಆಯಿಲ್ ಬೆರೆಸುವುದು ಇದ್ದೇ ಇದೆ; ಡಬ್ಬಿ ಮನೆಯಿಂದಲೇ ಒಯ್ಯುತ್ತೇನೆ.

ಹೊಗೆಯ ವಿಷಯದಲ್ಲಿ ವಾದ ಮಾಡಲು ನನಗೆ ಮನಸ್ಸಿಲ್ಲ. 2000ನೇ ಇಸವಿಗೆ ಮುಂಚಿನ ದ್ವಿಚಕ್ರಗಳಿಗೆ ಪಿಯುಸಿ ತಪಾಸಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ 4.5ರವರೆಗೆ ಮಾಫಿ. ಸರ್ಟಿಫಿಕೇಟ್ ಸಿಗುತ್ತದೆ, ನಿಜ. ಆದರೂ ಸುಡದ ಪೆಟ್ರೋಲನ್ನು ಅಷ್ಟಿಷ್ಟು ಹಾಗೇ ಹೊರಗೆ ಬಿಡುವುದು ಎರಡು ಸ್ಟ್ರೋಕಿನ ಜಾಯಮಾನ. 2014ರಲ್ಲಿ ಹಸಿರು ಮಳೆ ಸುರಿಯಿತೆಂದು ಸುದ್ದಿಯಾದ ಊರು ಡೊಂಬಿವಲಿ. ಅದರ ಗಾಳಿಗೆ ದಿನಾ ನನ್ನದೊಂದು ಪಾಲು ಸೇರಿಸುವುದು ಸರಿಯಲ್ಲ. ವಾರಕ್ಕೊಮ್ಮೆ ಎಂಬ ನಿಯಮ ಅದಕ್ಕೇ. ಯಾರಾದರೂ ದಿನನಿತ್ಯದ ಓಡಾಟಕ್ಕೆ ಇಂಥ ಗಾಡಿ ಕೊಳ್ಳುತ್ತೇನೆಂದರೆ ಬೇಡ ಎಂದೇ ಹೇಳುತ್ತೇನೆ. 2022ರಲ್ಲಿ ಹೊಸ ಯೆಜ್ಡಿ ಬಂದಿದೆ, ಅದನ್ನು ತಗೊಳ್ಳಲಿ.

ಇಷ್ಟಾದರೂ ಎಂಜಿನ್ನು, ಬ್ರೇಕು, ಪೆಟ್ರೋಲು ಇವೆಲ್ಲ ಚಿಕ್ಕ ಸಂಗತಿಗಳು. ದೊಡ್ಡದು ಕಾಗದಪತ್ರ.

‘ಹದಿನೈದು ವರ್ಷ ದಾಟಿದ್ದಲ್ಲವೇ, ಗುಜರಿಗೆ ಹಾಕಬೇಕಲ್ಲ?’ ಎಂದು ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಹದಿನೈದು ವರ್ಷವಾದ ಪೆಟ್ರೋಲ್ ಗಾಡಿ ಓಡಿಸಬಾರದೆಂಬ ಆದೇಶ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಬೇರೆಡೆ ಖಾಸಗಿ ಗಾಡಿಯ ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬಹುದು, ತಪಾಸಣೆಯಲ್ಲಿ ಪಾಸಾಗಬೇಕು ಅಷ್ಟೆ. ಇಪ್ಪತ್ತು ವರ್ಷ ಮೀರಿದ ಮೋಟಾರ್ ಸೈಕಲ್ಲಿಗೆ 2025ರ ಆಗಸ್ಟ್‌ನಲ್ಲಿ ನವೀಕರಣ ಶುಲ್ಕ 2,000 ರೂಪಾಯಿ ಆಯಿತು. ಥರ್ಡ್ ಪಾರ್ಟಿ ವಿಮೆ, 2022ರಲ್ಲಿ ನಿಗದಿಯಾದ ದರದಂತೆ, ವರ್ಷಕ್ಕೆ 1,366 ರೂಪಾಯಿ ಮತ್ತು ತೆರಿಗೆ. ಹಣದ ಲೆಕ್ಕದಲ್ಲಿ ಭಾರವೇನಲ್ಲ.

ತಪಾಸಣೆಗೆ ಹೋದಾಗ ನೋಡುವುದು ಹೊಳಪನ್ನಲ್ಲ, ಚಾಸಿ ನಂಬರನ್ನು. ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕು ತೆಗೆಸಿ ದಪ್ಪಗೆ ಬಣ್ಣ ಹೊಡೆಸಿದ ಎಷ್ಟೋ ಗಾಡಿಗಳಲ್ಲಿ ಆ ಅಂಕಿಗಳೇ ಮುಚ್ಚಿಹೋಗಿರುತ್ತವೆ. ಜಾವಾ, ಯೆಜ್ಡಿಗಳಲ್ಲಿ ಎಂಜಿನ್ ಬದಲಾಯಿಸಿದ್ದೂ ಹೇರಳ. ಆರ್‌ಸಿಯಲ್ಲಿ ಒಂದು ನಂಬರ್, ಎಂಜಿನ್ ಮೇಲೆ ಇನ್ನೊಂದು. ಹಳೆ ಗಾಡಿ ಕೊಳ್ಳಲು ಹೋದರೆ ಟ್ಯಾಂಕಿನ ಕ್ರೋಮ್ ನೋಡುವುದಕ್ಕೆ ಮುಂಚೆ ಬಗ್ಗಿ ಇವೆರಡನ್ನು ಓದಿ. ಆರ್‌ಸಿ ಇನ್ನೂ ಹಳೆಯ ಪುಸ್ತಕದ ರೂಪದಲ್ಲೇ ಇದ್ದರೆ ಅದು ಸರ್ಕಾರದ ವಾಹನ್ ಕಂಪ್ಯೂಟರ್ ದಾಖಲೆಗೆ ಏರಿದೆಯೇ ಎಂದು ವಿಚಾರಿಸಿ. ಏರದಿದ್ದರೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ನಮ್ಮದನ್ನು ತಮ್ಮ ಮೈಸೂರಿನಲ್ಲೇ ಮಾಡಿಸಿಟ್ಟಿದ್ದ.

ಊರು ಬಿಟ್ಟು ಬಂದವರಿಗೆ ಇದರ ಮೇಲೊಂದು ಗಂಟು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್‌ಗೆ ಅರ್ಜಿ ಹಾಕಬೇಕು. ಮೊದಲು ಊರಿನ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ. ಮಾಲೀಕತ್ವ ಅಪ್ಪನಿಂದ ನನಗೆ ಬರಲು ಫಾರಂ 29, 30. ಇಲ್ಲಿನ ನಂಬರ್‌ಗೆ ಫಾರಂ 27, ಜತೆಗೆ ಇಲ್ಲಿನ ತೆರಿಗೆ. ನನಗೆ ಉಳಿದಿರುವುದು ಮೂರು ತಿಂಗಳು. ಕೊನೆಗೆ ಗಾಡಿಗೆ ಕಲ್ಯಾಣದ ಎಂಎಚ್ 05 ಬೀಳುತ್ತದೆ.

ಅಪ್ಪನ ನಂಬರ್ 1989ಕ್ಕೆ ಮುಂಚಿನದು, ಕೆಎ ಎಂಬುದೇ ಇಲ್ಲದ ಮೂರಕ್ಷರದ ಸಾಲು. ನಾಕಾದಲ್ಲಿ ತಡೆದ ಪೊಲೀಸರು ಯಾವ ರಾಜ್ಯದ್ದು ಎಂದು ಎರಡೆರಡು ಸಲ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಎಲ್ಲರ ಬಾಯಲ್ಲೂ ಇದೆ. ಅಮ್ಮನಿಗೆ ಸ್ವಂತ ಫೋನ್ ನಂಬರ್ ನೆನಪಿರುವುದಿಲ್ಲ, ಇದು ಮರೆತಿಲ್ಲ.

ಇನ್ನೊಂದು ದಾರಿ ಇದೆ. ಮೊದಲ ನೋಂದಣಿಗೆ ಐವತ್ತು ವರ್ಷ ತುಂಬಿ, ಮೂಲ ರೂಪ ಕೆಡದೆ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಜುಲೈನಲ್ಲಿ ಕೇಂದ್ರ ನಿಯಮ ತಂದಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹೊಸದಾಗಿ ನೋಂದಣಿಯಾಗುವವಕ್ಕೆ ‘ವಿಎ’ ಅಕ್ಷರಗಳ ನಂಬರ್; ಮೊದಲೇ ನಂಬರ್ ಇರುವವಕ್ಕೆ ಹಳೆಯದನ್ನೇ ಉಳಿಸಿಕೊಳ್ಳುವ ಅವಕಾಶ. ನಮ್ಮ ಗಾಡಿಗೆ ಮುಂದಿನ ವರ್ಷ ಐವತ್ತು. ಕಾಯಬಹುದಲ್ಲ ಎನ್ನಿಸುತ್ತದೆ. ಆದರೆ ಆ ಬಳಿಕ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ ರಸ್ತೆಗೆ ಇಳಿಸಬಹುದು. ಶುಕ್ರವಾರದ ಮಾಹಪೆ ಇಲ್ಲ. ಮಳೆ ನಿಂತ ಮೇಲೆ ಮುರಬಾಡ್ ದಾಟಿ ಮಾಳಶೇಜ್ ಘಾಟಿಗೆ ಸುಮ್ಮನೆ ಹೋಗಿಬರುವಂತಿಲ್ಲ. ಅಟಲ್ ಸೇತುವಿನಲ್ಲೂ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ದ್ವಿಚಕ್ರಕ್ಕೆ ಪ್ರವೇಶವಿಲ್ಲದ ಕಾರಣ ನಮ್ಮಂಥವರಿಗೆ ಉಳಿದಿರುವುದೇ ಹಳೆಯ ರಸ್ತೆಗಳು, ಅವೂ ತಪ್ಪುತ್ತವೆ. ಸಂಗ್ರಹಕಾರರಿಗೆ ಆ ನಿಯಮ ಚೆನ್ನ. ಅಪ್ಪ ಇದನ್ನು ಕೊಂಡದ್ದು ಕೆಲಸಕ್ಕೆ ಹೋಗಲು.

ಹಾಗಾಗಿ ಎಂಎಚ್ 05 ಎಂದೇ ತೀರ್ಮಾನಿಸಿದೆ. ಹೇಳಲು ಫೋನ್ ಮಾಡಿದಾಗ ಅಪ್ಪ ಎಂದಿನಂತೆ ‘ಇವತ್ತು ಸ್ಟಾರ್ಟ್ ಮಾಡಿದ್ಯಾ?’ ಎಂದೇ ಶುರುಮಾಡಿದರು. ನಂಬರಿನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎಷ್ಟು ದಿನ ಹಿಡಿಯುತ್ತಂತೆ?’ ಎಂದರು. ಆಮೇಲೆ, ‘ಹಳೇ ಪ್ಲೇಟ್ ಬಿಸಾಡಬೇಡ. ಕಾಗದದಲ್ಲಿ ಸುತ್ತಿ ಇಲ್ಲಿಗೆ ಕಳಿಸು.’

ತಮ್ಮ ಮುಂದಿನ ವಾರ ಫಾರಂ 28 ಕೊಡುತ್ತಾನೆ. ಪ್ಲೇಟಿನ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿದೆ, ಅದಕ್ಕೆ ದಿನಾ ರಾತ್ರಿ ಎರಡು ಹನಿ ಎಣ್ಣೆ ಬಿಡುತ್ತಿದ್ದೇನೆ.