ಐಸ್‌ಲ್ಯಾಂಡ್‌ನಲ್ಲಿ ಡಸ್ಟರ್ ಬಾಡಿಗೆ: ಬುಕ್ ಮಾಡೋ ಮುಂಚೆ ಮೂರನೇ ಅಕ್ಷರ ನೋಡಿ

ನಾವು ಮೂವರು ಹಾಸ್ಟೆಲ್‌ನ ಒಂದೇ ರೂಮಿನವರು. ನಮ್ಮಲ್ಲಿ ಒಬ್ಬನ ದೊಡ್ಡಪ್ಪನ ಮನೆ ಹಾಸನದಲ್ಲಿದೆ, ಅಲ್ಲೊಂದು ಹಳೇ ರೆನೋ ಡಸ್ಟರ್ ಇದೆ. ಸಕಲೇಶಪುರ, ಬಿಸಿಲೆ, ಶಿರಾಡಿ ಎಲ್ಲಾ ಕಡೆ ನಮ್ಮನ್ನ ಹೊತ್ತು ತಿರುಗಿದ ಗಾಡಿ ಅದು. ದೊಡ್ಡಪ್ಪನ ಮಗ ಈಗ ಜರ್ಮನಿಯಲ್ಲಿ ಎಂಎಸ್ ಮಾಡ್ತಿದ್ದಾರೆ. ನಾವು ಮೂವರೂ ಅವರನ್ನ ಅಣ್ಣ ಅಂತಲೇ ಕರೆಯೋದು.

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ಅಣ್ಣ ಮತ್ತು ಅವರ ಮೂರು ಜನ ಫ್ರೆಂಡ್ಸ್ ಐಸ್‌ಲ್ಯಾಂಡ್‌ಗೆ ಹೊರಟರು. ಅವರಿಗೆ ಎಕ್ಸಾಮ್ ಇತ್ತು, ನಮಗೆ ಟೈಮ್ ಇತ್ತು. "ಒಳ್ಳೆ ರೇಟ್‌ಗೆ ಒಂದು ಕಾರ್ ನೋಡ್ರೋ" ಅಂದ್ರು. ಲಿಸ್ಟಿನಲ್ಲಿ ಡಸ್ಟರ್ ಕಂಡ ತಕ್ಷಣ ನಮಗೆ ಊರಿನವರು ಸಿಕ್ಕಷ್ಟು ಖುಷಿ. ಇರೋದ್ರಲ್ಲೇ ಕಡಿಮೆ ರೇಟಿನದು ಆರಿಸಿ "ಡಸ್ಟರ್ ಅಂದ್ರೆ ಡಸ್ಟರೇ ಅಲ್ವಾ ಅಣ್ಣ, ಬುಕ್ ಮಾಡಿ" ಅಂತ ಕಳಿಸಿಬಿಟ್ವಿ.

ಏರ್‌ಪೋರ್ಟ್ ಕೌಂಟರಿನಲ್ಲಿ ಅವರಿಗೆ ಸಿಕ್ಕಿದ್ದು ಡಸ್ಟರ್ ಅಲ್ಲ. ಬೇರೆ ಕಂಪನಿಯ ಎಸ್‌ಯುವಿ, ಅದೂ ಮುಂದಿನ ಎರಡೇ ಚಕ್ರಕ್ಕೆ ಪವರ್ ಇರೋದು. ನೋಡಲೇಬೇಕು ಅಂತಿದ್ದ ಲ್ಯಾಂಡ್‌ಮನ್ನಲೌಗರ್‌ನ ಬಣ್ಣದ ಬೆಟ್ಟಗಳಿಗೆ ಆ ಗಾಡಿಯಲ್ಲಿ ಹೋಗೋ ಹಾಗಿರಲಿಲ್ಲ. ಕೊನೆಗೆ ಬಸ್ ಟಿಕೆಟ್ ತಗೊಂಡು ಹೋದರು. ಮೂರನೇ ದಿನ ಪೆಟ್ರೋಲ್ ಬಂಕ್‌ನಲ್ಲಿ ಗಾಳಿಗೆ ಒಂದು ಡೋರ್ ಬೆಂಡ್ ಆಯ್ತು. ಅದರ ಬಿಲ್ಲು ಅಣ್ಣನ ಒಂದು ತಿಂಗಳ ರೂಮ್ ಬಾಡಿಗೆಗಿಂತ ಜಾಸ್ತಿ. ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ.

ಕಂಪನಿ ಮೋಸ ಮಾಡಿತು ಅಂತ ನಾವು ಮೊದಲು ಸಿಟ್ಟಾದ್ವಿ. ಆಮೇಲೆ ಬುಕಿಂಗ್ ಪೇಪರನ್ನ ಕೂತು ಪೂರ್ತಿ ಓದಿದ್ವಿ. ಎಲ್ಲಾ ಅದರಲ್ಲೇ ಬರೆದಿತ್ತು. ಓದದೇ ಇದ್ದವರು ನಾವು. ಫೈನಲ್ ಇಯರ್ ಮುಗಿಸಿ ಹೊರದೇಶಕ್ಕೆ ಹೋಗೋ ಸೀನಿಯರ್‌ಗಳು ನಮ್ಮ ಕಾಲೇಜಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಈ ಲೇಖನ.

ಹೆಸರಿಗಲ್ಲ, ನಾಲ್ಕು ಅಕ್ಷರಕ್ಕೆ ದುಡ್ಡು

ಯುರೋಪಿನಲ್ಲಿ ಡಸ್ಟರ್ ಮಾರೋದು ಡಾಸಿಯಾ ಅನ್ನೋ ಹೆಸರಲ್ಲಿ. ಡಾಸಿಯಾ ರೊಮೇನಿಯಾದ ಕಂಪನಿ, 1999ರಲ್ಲಿ ರೆನೋ ಅದನ್ನ ಕೊಂಡಿತು. ನಮ್ಮಲ್ಲಿ 2012ರಲ್ಲಿ ಅದೇ ಗಾಡಿ ರೆನೋ ಬ್ಯಾಡ್ಜ್ ಹಾಕಿಕೊಂಡು ಬಂತು, ಚೆನ್ನೈ ಹತ್ತಿರದ ಒರಗಡಂ ಫ್ಯಾಕ್ಟರಿಯಲ್ಲಿ ತಯಾರಾಗಿ. ಐಸ್‌ಲ್ಯಾಂಡ್‌ನ ಬಾಡಿಗೆ ಕಂಪನಿಗಳಲ್ಲಿ ಡಸ್ಟರ್ ತುಂಬಾ ಕಾಮನ್. ಫೋರ್ ಬೈ ಫೋರ್ ಗಾಡಿಗಳ ಪೈಕಿ ರೇಟ್ ಕಡಿಮೆ, ನೆಲದಿಂದ ಸುಮಾರು 210 ಮಿಲಿಮೀಟರ್ ಎತ್ತರ ಇದೆ, ಜಲ್ಲಿ ರಸ್ತೆ ತಡೆಯುತ್ತೆ.

ಆದರೆ ಡಸ್ಟರ್ ಟೂ ವೀಲ್ ಡ್ರೈವ್‌ನಲ್ಲೂ ಬರುತ್ತೆ. ದೊಡ್ಡಪ್ಪನದು ಅದೇ. ನಮ್ಮ ದೇಶದಲ್ಲಿ ನಾಲ್ಕು ಚಕ್ರಕ್ಕೂ ಪವರ್ ಇರೋ ಡಸ್ಟರ್ ಬಂದಿದ್ದೇ 2014ರಲ್ಲಿ. ಹಾಗಾಗಿ ಹೆಸರು ನೋಡಿದರೆ ಏನೂ ಗೊತ್ತಾಗಲ್ಲ. ಜೊತೆಗೆ ಬುಕಿಂಗ್‌ನಲ್ಲಿ ಕಾರಿನ ಹೆಸರಿನ ಪಕ್ಕ ಸಾಮಾನ್ಯವಾಗಿ "ಆರ್ ಸಿಮಿಲರ್" ಅಂತ ಸಣ್ಣಗೆ ಬರೆದಿರುತ್ತಾರೆ. ಅಂದ್ರೆ ಇದು ಅಥವಾ ಇದರಂಥದ್ದು. ಕಂಪನಿ ಮಾತು ಕೊಡೋದು ಮಾಡೆಲ್‌ಗೆ ಅಲ್ಲ, ಕೆಟಗರಿಗೆ.

ಆ ಕೆಟಗರಿಗೆ ಆ್ಯಕ್ರಿಸ್ ಅನ್ನೋ ಕೋಡ್ ಇದೆ, ನಾಲ್ಕು ಅಕ್ಷರದ್ದು. ಬಹಳಷ್ಟು ದೇಶಗಳಲ್ಲಿ ಇದೇ ನಡೆಯುತ್ತೆ. ಮೊದಲನೇ ಅಕ್ಷರ ಗಾತ್ರ: ಇ ಅಂದ್ರೆ ಎಕಾನಮಿ, ಸಿ ಕಾಂಪ್ಯಾಕ್ಟ್, ಐ ಇಂಟರ್‌ಮೀಡಿಯೆಟ್. ಎರಡನೇದು ಬಾಡಿ: ಎಫ್ ಅಂದ್ರೆ ಎಸ್‌ಯುವಿ. ಮೂರನೇದು ಗೇರ್ ಮತ್ತು ಡ್ರೈವ್. ನಾಲ್ಕನೇದು ಇಂಧನ ಮತ್ತು ಎಸಿ: ಆರ್ ಇದ್ದರೆ ಎಸಿ ಇದೆ, ಇಂಧನ ಯಾವುದಾದರೂ ಇರಬಹುದು.

ನಾವು ಎಡವಿದ್ದು ಮೂರನೇ ಅಕ್ಷರದಲ್ಲಿ. ಎಮ್ ಅಂದ್ರೆ ಮ್ಯಾನುಯಲ್ ಗೇರ್, ಡ್ರೈವ್ ಎಷ್ಟು ಚಕ್ರಕ್ಕೆ ಅಂತ ಹೇಳಿಲ್ಲ. ಎನ್ ಅಂದ್ರೆ ಮ್ಯಾನುಯಲ್, ಫೋರ್ ವೀಲ್ ಡ್ರೈವ್. ಸಿ ಅಂದ್ರೆ ಮ್ಯಾನುಯಲ್, ಆಲ್ ವೀಲ್ ಡ್ರೈವ್. ಆಟೋಮ್ಯಾಟಿಕ್ ಆದ್ರೆ ಇದೇ ಕ್ರಮದಲ್ಲಿ ಎ, ಬಿ, ಡಿ. ನಾವು ಆರಿಸಿದ ಬುಕಿಂಗ್‌ನಲ್ಲಿ ಐ-ಎಫ್-ಎಮ್-ಆರ್ ಅಂತಿತ್ತು. ಬೇಕಿದ್ದದ್ದು ಐ-ಎಫ್-ಎನ್-ಆರ್. ಕೌಂಟರಿನವರು ಕೊಟ್ಟ ಗಾಡಿ ಕೋಡ್ ಪ್ರಕಾರ ನೂರಕ್ಕೆ ನೂರು ಸರಿ. ನಿಮಗೆ ಡಸ್ಟರೇ ಬೇಕು ಅಂದ್ರೆ ಮಾಡೆಲ್ ಗ್ಯಾರಂಟಿ ಕೊಡೋ ಕಂಪನಿ ಹುಡುಕಿ, ಅದನ್ನ ಬರವಣಿಗೆಯಲ್ಲಿ ತಗೊಳ್ಳಿ.

ಎರಡು ಚಕ್ರ ಸಾಕಾ, ನಾಲ್ಕು ಬೇಕಾ?

ಐಸ್‌ಲ್ಯಾಂಡ್‌ನ ಸುತ್ತ ಹೋಗೋ ಮೇನ್ ರಸ್ತೆಗೆ ರಿಂಗ್ ರೋಡ್ ಅಂತಾರೆ, ರೂಟ್ ನಂಬರ್ 1. ಉದ್ದ 1300 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಇದಕ್ಕೆ ಚಿಕ್ಕ ಕಾರೇ ಸಾಕು. ಒಳನಾಡಿನ ಬೆಟ್ಟದ ರಸ್ತೆಗಳ ನಂಬರಿನ ಮುಂದೆ ಎಫ್ ಅಂತ ಇರುತ್ತೆ: ಎಫ್ 35, ಎಫ್ 208, ಹೀಗೆ. ಇವು ಫೋರ್ ಬೈ ಫೋರ್ ಗಾಡಿಗೆ ಮಾತ್ರ. ಚಳಿಗಾಲದಲ್ಲಿ ಮುಚ್ಚಿರುತ್ತವೆ, ಜೂನ್ ಹೊತ್ತಿಗೆ ಹಿಮ ಕರಗಿದ ಮೇಲೆ ಒಂದೊಂದಾಗಿ ತೆಗೀತಾರೆ. ಟೂ ವೀಲ್ ಡ್ರೈವ್ ಗಾಡಿ ತಗೊಂಡು ಎಫ್ ರೋಡಿಗೆ ಇಳಿದರೆ ಇನ್ಶೂರೆನ್ಸ್ ಇಲ್ಲ ಅಂತಲೇ ಲೆಕ್ಕ. ಟೋಯಿಂಗ್ ಸೇರಿ ಎಲ್ಲಾ ಖರ್ಚು ನಿಮ್ಮ ತಲೆ ಮೇಲೆ.

ಹಾಗಂತ ಫೋರ್ ಬೈ ಫೋರ್ ಸಿಕ್ಕಿತು, ಎಲ್ಲಿ ಬೇಕಾದ್ರೂ ಇಳೀಬಹುದು ಅಂದುಕೊಳ್ಳಬೇಡಿ. ಎಫ್ 35ರಲ್ಲಿ ಈಗ ನದಿಗಳಿಗೆಲ್ಲಾ ಸೇತುವೆ ಇದೆ, ಡಸ್ಟರ್‌ಗೆ ಅದು ಸರಿಹೋಗುತ್ತೆ. ಥೋರ್ಸ್‌ಮೋರ್ಕ್ ಕಡೆ ಹೋಗೋ ಎಫ್ 249ರಲ್ಲಿ ಸೇತುವೆ ಇಲ್ಲದ ಹೊಳೆಗಳನ್ನ ದಾಟಬೇಕು. ಕೊನೆಯ ಕ್ರೋಸ್ಸಾ ನದಿ ದೊಡ್ಡ ದೊಡ್ಡ ಜೀಪುಗಳನ್ನೇ ಎಳೆದುಕೊಂಡು ಹೋಗಿರೋದು. ನದಿ ದಾಟುವಾಗ ಆದ ಡ್ಯಾಮೇಜ್‌ಗೆ ಬಾಡಿಗೆ ಇನ್ಶೂರೆನ್ಸ್ ಸಾಮಾನ್ಯವಾಗಿ ಕವರ್ ಕೊಡಲ್ಲ, ಗಾಡಿ ಎಷ್ಟೇ ದೊಡ್ಡದಿರಲಿ.

ಯಾಕೆ ಅಂತ ಆರ್ಕಿಮಿಡೀಸ್ ಹೇಳ್ತಾನೆ. ಡಸ್ಟರ್ ಉದ್ದ ಸುಮಾರು 4.3 ಮೀಟರ್, ಅಗಲ 1.8 ಮೀಟರ್. ಗಾಡಿಯ ತಳದಿಂದ 30 ಸೆಂಟಿಮೀಟರ್ ಮೇಲಕ್ಕೆ ನೀರು ಬಂತು ಅಂದುಕೊಳ್ಳಿ. ಚಕ್ರದ ಜಾಗ ಅದೂ ಇದೂ ಕಳೆದರೂ ಸುಮಾರು 2 ಘನ ಮೀಟರ್ ನೀರನ್ನ ಗಾಡಿ ಪಕ್ಕಕ್ಕೆ ತಳ್ಳುತ್ತೆ, ಅಂದ್ರೆ 2 ಟನ್ ಮೇಲೆತ್ತೋ ಬಲ. ಡಸ್ಟರ್ ತೂಕ ಸುಮಾರು 1.4 ಟನ್. ಒಳಗೆ ನೀರು ನುಗ್ಗೋವರೆಗೆ ಗಾಡಿ ತೇಲೋಕೆ ನೋಡುತ್ತೆ. ಟೈರ್ ಮೇಲಿನ ಭಾರ ಇಲ್ಲ ಅಂದ್ರೆ ಫ್ರಿಕ್ಷನ್ ಇಲ್ಲ, ಫ್ರಿಕ್ಷನ್ ಇಲ್ಲದ ಮೇಲೆ ನಾಲ್ಕು ಚಕ್ರ ತಿರುಗಿದರೂ ಒಂದೇ, ನಿಂತರೂ ಒಂದೇ. ಇಂಜಿನ್ ಗಾಳಿ ಎಳೆಯೋ ಕಡೆಯಿಂದ ನೀರು ಹೋದರೆ ಇನ್ನೂ ಕೆಟ್ಟದ್ದು. ನೀರನ್ನ ಗಾಳಿ ಥರ ಒತ್ತಿ ಚಿಕ್ಕದು ಮಾಡೋಕಾಗಲ್ಲ, ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡೇ ಬಾಗುತ್ತೆ. ಹಿಮನದಿಯಿಂದ ಬರೋ ಹೊಳೆಯಲ್ಲಿ ಮಧ್ಯಾಹ್ನದ ಮೇಲೆ ಹಿಮ ಕರಗಿ ನೀರು ಏರುತ್ತೆ. ಬೆಳಿಗ್ಗೆ ದಾಟಿದ ಜಾಗ ಸಂಜೆಗೆ ಅದೇ ಆಳ ಇರಲ್ಲ.

ಡೋರ್ ಯಾಕೆ ಬಾಗಿತು

ಇದನ್ನ ನಾವು ಮೊದಲು ನಂಬಲೇ ಇಲ್ಲ. ಗಾಳಿಗೆ ಕಾರ್ ಡೋರ್ ಬಾಗುತ್ತಾ? ಲೆಕ್ಕ ಹಾಕಿದ ಮೇಲೆ ನಂಬಿದ್ವಿ. ಗಾಳಿಯ ಒತ್ತಡ ಅಂದ್ರೆ ಅರ್ಧ ಗುಣಿಸು ಸಾಂದ್ರತೆ ಗುಣಿಸು ವೇಗದ ವರ್ಗ. ಸೆಕೆಂಡಿಗೆ 25 ಮೀಟರ್, ಅಂದ್ರೆ ಗಂಟೆಗೆ 90 ಕಿಲೋಮೀಟರ್ ಗಾಳಿ ಅಂತ ಇಟ್ಟುಕೊಳ್ಳಿ. ಸಾಂದ್ರತೆ 1.25 ತಗೊಂಡರೆ ಒತ್ತಡ ಸುಮಾರು 390 ಪಾಸ್ಕಲ್. ಡೋರ್ 1 ಚದರ ಮೀಟರ್ ಅಂದ್ರೆ 390 ನ್ಯೂಟನ್, ಅಂದ್ರೆ 40 ಕೆಜಿ ಮೂಟೆ ಡೋರ್ ಮಧ್ಯದಲ್ಲಿ ನೇತಾಡಿದ ಹಾಗೆ. ಹಿಂಜ್‌ನಿಂದ ಮಧ್ಯಕ್ಕೆ ಅರ್ಧ ಮೀಟರ್, ಮೊಮೆಂಟ್ ಸುಮಾರು 195 ನ್ಯೂಟನ್ ಮೀಟರ್. ಡೋರನ್ನ ತಡೆಯೋ ಪಟ್ಟಿ ಹಿಂಜ್‌ನಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಮೇಲೆ ಬೀಳೋ ಬಲ 3900 ನ್ಯೂಟನ್. ಡೋರ್ ನಿಂತಲ್ಲೇ ಇದ್ದರೆ ಇಷ್ಟು. ರಪ್ ಅಂತ ಬೀಸಿ ಬಂದು ಬಡಿದರೆ ಇನ್ನೂ ಜಾಸ್ತಿ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಮಾಡಿದ ಲೆಕ್ಕವೇ ಇದು.

ಐಸ್‌ಲ್ಯಾಂಡ್‌ನಲ್ಲಿ ಇಂಥ ಗಾಳಿ ಅಪರೂಪ ಅಲ್ಲ. ಗಾಳಿಗೆ ಡೋರ್ ಹಾಳಾದರೆ ಸಾಮಾನ್ಯ ಇನ್ಶೂರೆನ್ಸ್ ಕೊಡಲ್ಲ, ಅದನ್ನ ಡ್ರೈವರ್ ತಪ್ಪು ಅಂತ ನೋಡ್ತಾರೆ. ಉಪಾಯ ಸುಲಭ. ಕಾರಿನ ಮೂತಿ ಗಾಳಿ ಬರೋ ಕಡೆಗೆ ಇರೋ ಹಾಗೆ ನಿಲ್ಲಿಸಿ. ಡೋರ್‌ನ ಹಿಂಜ್ ಮುಂದಿರೋದ್ರಿಂದ ಗಾಳಿ ಡೋರನ್ನ ಮುಚ್ಚೋ ಕಡೆಗೇ ತಳ್ಳುತ್ತೆ. ಒಬ್ಬೊಬ್ಬರಾಗಿ, ಎರಡೂ ಕೈಯಲ್ಲಿ ಹಿಡಿದು ತೆಗೀರಿ. ಅಣ್ಣನ ಫ್ರೆಂಡ್ ಒಂದು ಕೈಯಲ್ಲಿ ಕಾಫಿ ಹಿಡಿದಿದ್ರಂತೆ.

ಇನ್ಶೂರೆನ್ಸ್ ಹೆಸರುಗಳು

ಸಿಡಿಡಬ್ಲ್ಯೂ ಅನ್ನೋದು ಬೇಸಿಕ್. ಗಾಡಿಗೆ ಪೆಟ್ಟಾದರೆ ಒಂದು ಮಿತಿವರೆಗೆ ನೀವು ಕೊಡಬೇಕು, ಮೇಲಿನದ್ದು ಅವರದು. ಆ ಮಿತಿಗೆ ಎಕ್ಸೆಸ್ ಅಂತಾರೆ. ಸೂಪರ್ ಸಿಡಿಡಬ್ಲ್ಯೂ ತಗೊಂಡರೆ ಎಕ್ಸೆಸ್ ಕಡಿಮೆ ಆಗುತ್ತೆ. ಗ್ರಾವೆಲ್ ಪ್ರೊಟೆಕ್ಷನ್ ಜಲ್ಲಿ ಸಿಡಿದು ಗ್ಲಾಸು, ಲೈಟು, ಪೇಂಟ್ ಹಾಳಾಗೋದಕ್ಕೆ. ಸ್ಯಾಂಡ್ ಆ್ಯಂಡ್ ಆ್ಯಶ್ ಅನ್ನೋದು ಜ್ವಾಲಾಮುಖಿಯ ಮರಳು, ಬೂದಿ ಗಾಳಿಯಲ್ಲಿ ಬಂದು ಪೇಂಟ್ ಕೆರೆಯೋದಕ್ಕೆ. ಕವರ್ ಆಗದೇ ಇರೋದರ ಲಿಸ್ಟ್ ಬೇರೆ ಇರುತ್ತೆ, ಅದನ್ನೇ ಮೊದಲು ಓದಿ. ನದಿ, ಡೋರ್, ಗಾಡಿಯ ತಳಭಾಗ, ಹೆಚ್ಚು ಕಡೆ ಅಲ್ಲೇ ಇರುತ್ತವೆ.

ಹೊರಡೋ ಮುಂಚೆ

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಮಾಡಿಸಿ. ಪರಿವಾಹನ್ ಸೈಟ್ ಮೂಲಕ ನಿಮ್ಮ ಆರ್‌ಟಿಓಗೆ ಅರ್ಜಿ ಹಾಕೋದು, ಫಾರ್ಮ್ 4ಎ, ಫೀಸ್ 1000 ರೂಪಾಯಿ. ಹೆಚ್ಚೆಂದರೆ ಒಂದು ವರ್ಷ ನಡೆಯುತ್ತೆ. ಅದರ ಮಧ್ಯೆ ಡಿಎಲ್ ಮುಗಿದರೆ ಪರ್ಮಿಟ್ ಕೂಡ ಅಲ್ಲಿಗೇ ಮುಗಿಯಿತು. ಅಣ್ಣ ಜರ್ಮನಿಗೆ ಹೋಗೋ ಮುಂಚೆ ಹಾಸನದಲ್ಲಿ ಮಾಡಿಸಿದ್ರು, ಟ್ರಿಪ್ ಹೊತ್ತಿಗೆ ಮುಗಿಯೋಕೆ ಕೆಲವೇ ವಾರ ಉಳಿದಿತ್ತು. ಒರಿಜಿನಲ್ ಡಿಎಲ್ ಕೂಡ ಜೊತೆಗಿರಬೇಕು.

ವಯಸ್ಸು ನೋಡಿ. ಹಲವು ಕಂಪನಿಗಳು ಚಿಕ್ಕ ಕಾರಿಗೆ 20, ಫೋರ್ ಬೈ ಫೋರ್‌ಗೆ 23 ಅಂತ ಇಟ್ಟಿವೆ, ಡಿಎಲ್ ತಗೊಂಡು ಒಂದು ವರ್ಷ ಆಗಿರಬೇಕು ಅಂತಲೂ ಕೇಳ್ತಾರೆ. ಡಿಪಾಸಿಟ್‌ಗೆ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್ ಇರಲಿ. ಅದರ ಪಿನ್ ನೆನಪಿರಲಿ, ಎಷ್ಟೋ ಬಂಕ್‌ಗಳಲ್ಲಿ ಜನ ಇರಲ್ಲ, ಮೆಷಿನ್ ಪಿನ್ ಕೇಳುತ್ತೆ. ಕೀ ತಗೊಳ್ಳೋವಾಗ ಗಾಡಿಯ ಸುತ್ತ, ತಳ, ಗ್ಲಾಸು ಎಲ್ಲಾ ವಿಡಿಯೋ ಮಾಡಿಕೊಳ್ಳಿ.

ಅಲ್ಲಿ ಓಡಿಸೋದು ರಸ್ತೆಯ ಬಲಗಡೆ. ಊರೊಳಗೆ 50, ಜಲ್ಲಿ ರಸ್ತೆಯಲ್ಲಿ 80, ಟಾರ್ ರಸ್ತೆಯಲ್ಲಿ 90 ಕಿಲೋಮೀಟರ್ ಮಿತಿ. ಹೆಡ್‌ಲೈಟ್ ಹಗಲಲ್ಲೂ ಆನ್ ಇರಬೇಕು. ರಸ್ತೆ ಬಿಟ್ಟು ಹುಲ್ಲು, ಪಾಚಿ, ಮರಳಿನ ಮೇಲೆ ಓಡಿಸೋದು ಕಾನೂನು ಪ್ರಕಾರ ಅಪರಾಧ. ತೊಂದರೆ ಆದರೆ 112.

ನಮಗೆ ಈಗ 19. ನಮ್ಮ ಹೆಸರಲ್ಲಿ ಅಲ್ಲಿ ಯಾರೂ ಡಸ್ಟರ್ ಕೊಡಲ್ಲ. ಅಣ್ಣ ಮಾತ್ರ ನಮ್ಮನ್ನ ಬೈಯಲಿಲ್ಲ, ಡೋರಿನ ದುಡ್ಡನ್ನ ನಾಲ್ಕು ಜನ ಹಂಚಿಕೊಂಡು ಕಟ್ಟಿದ್ರು. ಅದರಲ್ಲಿ ನಮ್ಮದೂ ಒಂದು ಪಾಲು ಇದೆ ಅಂತ ನಮಗೆ ಇವತ್ತಿಗೂ ಅನ್ಸುತ್ತೆ. ಈ ವರ್ಷ ಅವರು ನಾರ್ವೆಗೆ ಹೋಗ್ತಿದ್ದಾರೆ. ಕಾರ್ ಹುಡುಕೋ ಕೆಲಸ ಮತ್ತೆ ನಮಗೇ ಕೊಟ್ಟಿದ್ದಾರೆ. ಈ ಸಲ ರೇಟ್ ನೋಡೋ ಮುಂಚೆ ಮೂವರೂ ಕೂತು ಮೂರನೇ ಅಕ್ಷರ ನೋಡಿದ್ವಿ.