ಮಾಂಸ ಬಿಟ್ಟರೆ ಸಾಲದು, ತಟ್ಟೆ ತುಂಬಬೇಕು

ಮಂಗಳೂರಿನಲ್ಲಿ ಪ್ರವಚನ ಮುಗಿಸಿ ಕುಳಿತಾಗಲೆಲ್ಲ ಭಕ್ತರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು. “ಸ್ವಾಮೀಜಿ, ನಾವು ಹುಟ್ಟಿದಾರಭ್ಯ ಮೀನು ಮಾಂಸ ಮುಟ್ಟಿದವರಲ್ಲ. ಆದರೂ ನಮಗೆ ಸಕ್ಕರೆ ಕಾಯಿಲೆ ಯಾಕೆ ಬಂತು? ಪಕ್ಕದ ಮನೆಯವರು ದಿನವೂ ಬಂಗುಡೆ ತಿಂದು ಗಟ್ಟಿಮುಟ್ಟಾಗಿದ್ದಾರಲ್ಲ!” ಪ್ರಾಮಾಣಿಕವಾದ ಪ್ರಶ್ನೆ. ಕರ್ಮಫಲವೆಂದು ಹೇಳಿ ಕೈತೊಳೆದುಕೊಳ್ಳುವುದು ಗುರುವಿಗೆ ಶೋಭಿಸದು.

ಸದ್ಭಕ್ತರು ಮೊದಲು ಒಂದು ಮಾತನ್ನು ತಿಳಿಯಬೇಕು. ಸಸ್ಯಾಹಾರ ನಮ್ಮ ಪರಂಪರೆಗೆ ಬಂದದ್ದು ದಯೆಯಿಂದ, ದೇಹಬಲದ ಲೆಕ್ಕಾಚಾರದಿಂದಲ್ಲ. ಜೀವಹಿಂಸೆ ಬೇಡವೆಂದು ಮಾಂಸ ಬಿಟ್ಟವನಿಗೆ ವೈದ್ಯರ ಸರ್ಟಿಫಿಕೇಟು ಬೇಕಿಲ್ಲ. ಆದರೆ ಅದೇ ಕಾರಣಕ್ಕೆ, ‘ನಾನು ಸಸ್ಯಾಹಾರಿ, ಆದ್ದರಿಂದ ನನಗೆ ರೋಗ ಬಾರದು’ ಎಂದು ಬೀಗುವುದಕ್ಕೂ ಆಧಾರವಿಲ್ಲ. ದಯೆ ಬೇರೆ, ಆರೋಗ್ಯ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಂಪಾದಿಸಬೇಕು.

ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸುಮಾರು 48,000 ಜನರನ್ನು ಸರಾಸರಿ 18 ವರ್ಷಗಳ ಕಾಲ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸಾಹಾರಿಗಳಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22ರಷ್ಟು ಕಡಿಮೆ. ಮಾಂಸ ಬಿಟ್ಟು ಮೀನು ಮಾತ್ರ ತಿನ್ನುವವರಲ್ಲೂ ಶೇ. 13ರಷ್ಟು ಕಡಿಮೆ. ಆದರೆ ಪಾರ್ಶ್ವವಾಯು ಮಾತ್ರ ಸಸ್ಯಾಹಾರಿಗಳಲ್ಲೇ ಶೇ. 20ರಷ್ಟು ಹೆಚ್ಚು! ವೇದಿಕೆಯಲ್ಲಿ ಸಸ್ಯಾಹಾರವನ್ನು ಹೊಗಳುವವರು ಮೊದಲಿನ ಅಂಕಿಯನ್ನು ಹೇಳಿ ಕೊನೆಯದನ್ನು ನುಂಗುತ್ತಾರೆ. ಅದು ಸತ್ಯಕ್ಕೆ ಮಾಡುವ ಅಪಚಾರ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಆಹಾರದ ಮೂರು ಬಗೆಗಳ ವಿವೇಚನೆ ಇದೆ. ರಾಜಸ, ತಾಮಸಗಳೆಂದರೆ ಮಾಂಸವೆಂದೇ ಹಲವರು ತಿಳಿದಿದ್ದಾರೆ. ಅಲ್ಲಿ ಹೇಳಿರುವುದು ಅತಿ ಖಾರ, ಅತಿ ಹುಳಿ, ಅತಿ ಉಪ್ಪು, ಹಳಸಿದ್ದು, ಸಾರ ಹೋದದ್ದು ಎಂದು. ಮಾಂಸದ ಹೆಸರನ್ನು ಎತ್ತಿಲ್ಲ. ಹಾಗೆ ನೋಡಿದರೆ ನಮ್ಮ ಶುದ್ಧ ಸಸ್ಯಾಹಾರಿ ಮನೆಗಳ ಉಪ್ಪಿನಕಾಯಿ ಭರಣಿಯೂ ಹಪ್ಪಳದ ಡಬ್ಬಿಯೂ ಯಾವ ಸಾಲಿಗೆ ಸೇರುತ್ತವೆ?

ಈಗ ಮಂಗಳೂರಿನ ತಟ್ಟೆಯನ್ನೇ ನೋಡೋಣ. ಈ ಸೀಮೆಯ ಹಿರಿಯರು ಬೆಳಗ್ಗೆ ಉಣ್ಣುತ್ತಿದ್ದುದು ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನಲ್ಲಿರುವ ಬಿ ಜೀವಸತ್ವದ ಒಂದು ಪಾಲು ಅಕ್ಕಿಯೊಳಕ್ಕೆ ಇಳಿಯುತ್ತದೆ. ಪೂರ್ತಿ ಪಾಲಿಶ್ ಮಾಡದ ಕೆಂಪು ಅಕ್ಕಿಯಲ್ಲಿ ತೌಡಿನ ಪದರವೂ ಉಳಿಯುತ್ತದೆ. ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನು 1890ರ ದಶಕದಲ್ಲಿ ಕಂಡು, ಮುಂದೆ 1929ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ. ನಮ್ಮ ಅಜ್ಜಿಯರಿಗೆ ಯಾರೂ ಪಾರಿತೋಷಕ ಕೊಡಲಿಲ್ಲ. ಗಂಜಿಯ ಜೊತೆಗೆ ಹುರುಳಿಯ ಸಾರು, ಅಲಸಂಡೆ ಬೀಜ ಹಾಕಿದ ಬಸಳೆ, ಹರಿವೆ ಸೊಪ್ಪು, ಒಂದೆಲಗದ ಚಟ್ನಿ, ಆಟಿ ತಿಂಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ, ಕೊನೆಗೆ ಮಜ್ಜಿಗೆ. ಇದು ಪರಿಪೂರ್ಣವಾದ ಸಸ್ಯಾಹಾರ.

ಇಂದಿನ ಸಸ್ಯಾಹಾರ ಯಾವುದು? ಬೆಳಗ್ಗೆ ಮೈದಾದ ಬನ್ಸ್, ಮಧ್ಯಾಹ್ನ ಬಿಳಿ ಅನ್ನದ ರಾಶಿಯ ಮೇಲೆ ತಿಳಿಸಾರು, ಸಂಜೆ ಗೋಳಿಬಜೆ, ನಡುನಡುವೆ ಸಕ್ಕರೆ ಸುರಿದ ಚಹಾ. ಮಾಂಸವಿಲ್ಲ ನಿಜ; ಬೇಳೆ, ಸೊಪ್ಪೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ನಮ್ಮವರ ಆಹಾರಶಕ್ತಿಯಲ್ಲಿ ಶೇ. 62ರಷ್ಟು ಅನ್ನ, ಹಿಟ್ಟು, ಸಕ್ಕರೆಗಳಂಥ ಪಿಷ್ಟ ಪದಾರ್ಥಗಳಿಂದಲೇ ಬರುತ್ತದೆ ಎಂದು ಅದೇ ಅಧ್ಯಯನದವರು 2025ರಲ್ಲಿ ತಿಳಿಸಿದರು. ಭಕ್ತರ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ವಿಜಯಪುರ, ಬಾಗಲಕೋಟೆ, ಗದಗ ಕಡೆಗಳಿಂದ ಕೂಲಿಗೆಂದು ಮಂಗಳೂರಿಗೆ ಬಂದ ನಮ್ಮ ಜನರ ಸ್ಥಿತಿ ಇನ್ನೂ ಕಷ್ಟ. ಊರಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡವರು ಇಲ್ಲಿ ಅನ್ನ, ಪರೋಟಕ್ಕೆ ಇಳಿದಿದ್ದಾರೆ. “ಅಪ್ಪಾರ, ರೊಟ್ಟಿ ಬಡಿಯಾಕ ಹೊತ್ತ ಎಲ್ಲೈತಿ?” ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ಹೊತ್ತಿಲ್ಲದಿದ್ದರೆ ರೊಟ್ಟಿ ಬಿಡಿ ತಾಯಿ, ರಾತ್ರಿ ನೆನೆಹಾಕಿದ ಕಾಳನ್ನಾದರೂ ಬಿಡಬೇಡಿ ಎಂದೆವು.

ವಯಸ್ಸಾದವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಬಿ-12 ಎಂಬ ಜೀವಸತ್ವ ಸೊಪ್ಪು, ಕಾಳು, ಹಣ್ಣುಗಳಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗೆ ಅದು ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಬೇಕಾದದ್ದು ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಆದರೆ ಅದಿಲ್ಲದಿದ್ದರೆ ಅಂಗಾಲು ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ, ಮರೆವು ಬರುತ್ತದೆ. ಯಕೃತ್ತಿನಲ್ಲಿ ಅದರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ. ಮುಪ್ಪಿನಲ್ಲಿ ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಇನ್ನಷ್ಟು ಕುಗ್ಗಬಹುದು. ಹಾಗೆಂದು ಆ ಮಾತ್ರೆಯನ್ನು ನೀವಾಗಿಯೇ ಬಿಡಬಾರದು. ‘ವಯಸ್ಸಾಯಿತು, ಕಾಲು ಜೋಮು’ ಎಂದು ಸುಮ್ಮನಿರಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಕಡಿಮೆಯಿದ್ದರೆ ವೈದ್ಯರು ಹೇಳಿದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಿ. ಅದರಿಂದ ನಿಮ್ಮ ವ್ರತಕ್ಕೆ ಭಂಗವಿಲ್ಲ, ನಾವು ಹೇಳುತ್ತಿದ್ದೇವೆ.

ಇನ್ನು ಮಕ್ಕಳ ವಿಚಾರ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ತೊಡಗಿದಾಗ ಹಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂಬ ಏರ್ಪಾಟಾಯಿತು. ತಿನ್ನುವ ಮನೆಯ ಮಗುವಿನ ತಟ್ಟೆಗೆ ಕೈ ಹಾಕುವ ಅಧಿಕಾರ ಯಾವ ಪೀಠಕ್ಕೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ನಮ್ಮ ಚಿಂತೆ ತಿನ್ನದ ಮಗುವಿನದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಜೊತೆಗೆ ಬಿ-12 ಇದೆ. ಬಾಳೆಹಣ್ಣಿನಲ್ಲಿ ಪ್ರೋಟೀನು ಒಂದು ಗ್ರಾಮಿನಷ್ಟು, ಬಿ-12 ಇಲ್ಲವೇ ಇಲ್ಲ. ಹಣ್ಣು ಕೊಟ್ಟು ಲೆಕ್ಕ ಸರಿಹೋಯಿತು ಎನ್ನುವುದು ನಮ್ಮದೇ ಮಕ್ಕಳಿಗೆ ಮಾಡುವ ಅನ್ಯಾಯ. ಮೊಟ್ಟೆ ಬೇಡ ಎಂದು ಗಟ್ಟಿಯಾಗಿ ಹೇಳಿದವರು ಬದಲಿಗೆ ಏನು ಬೇಕೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಮಗು ನಿಜವಾಗಿ ಕುಡಿಯುತ್ತದೆಯೇ, ಸಾಂಬಾರಿನ ತಳದಲ್ಲಿ ಬೇಳೆ ಇದೆಯೇ ಎಂದು ಪಾಲಕರು ಶಾಲೆಗೆ ಹೋಗಿ ನೋಡಲಿ.

ಪದಾರ್ಥವನ್ನು ಲಿಂಗಾರ್ಪಿತ ಮಾಡಿದಾಗ ಅದು ಪ್ರಸಾದವಾಗುತ್ತದೆಂಬುದು ನಮ್ಮ ಶಾಸ್ತ್ರ. ಅರ್ಪಿಸುವ ಪದಾರ್ಥ ಸತ್ತ್ವವುಳ್ಳದ್ದಾಗಿರಬೇಕೆಂದು ನಮ್ಮ ದಾಸೋಹದ ಪಂಕ್ತಿಯಲ್ಲಿ ಪಾಯಸವನ್ನು ವಾರಕ್ಕೊಮ್ಮೆಗೆ ಇಳಿಸಿ, ಮೊಳಕೆ ಹೆಸರಿನ ಕೋಸಂಬರಿ, ಮೊಸರನ್ನು ದಿನನಿತ್ಯಕ್ಕೆ ಏರಿಸಿದ್ದೇವೆ. ಅಡುಗೆಯವರು ಗೊಣಗುತ್ತಾರೆ, ಪಾಯಸವಿಲ್ಲದ ದಾಸೋಹ ಎಲ್ಲಿಯದು ಎಂದು ಕೆಲವು ಹಿರಿಯ ಭಕ್ತರೂ ಮುನಿಸಿಕೊಂಡಿದ್ದಾರೆ. ಮುನಿಸಿಕೊಂಡವರೂ ಕೋಸಂಬರಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ.